ಖರ್ಜೂರ ಹಾಕುವ ಮುಂಚೆ ಗಂಡೋ ಹೆಣ್ಣೋ ಕೇಳಿ

ನಮ್ಮ ಬಯಲುಸೀಮೆಯ ತೋಟಕ್ಕೆ ಬಂದವರೆಲ್ಲ ಮೊದಲು ಕೇಳುವುದು, "ಖರ್ಜೂರ ಬಿಡ್ತಾ?" ಅಂತ. ಬಿಡ್ತು, ಆದರೆ ಲೆಕ್ಕ ತಪ್ಪಿತು. ಆ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬದುವಿಗೆ 12 ಸಸಿ ಹಾಕಿದ್ದೆ. ಕೊಟ್ಟವರು ಒಳ್ಳೆ ಜಾತಿ ಎಂದರು. ಬೀಜದಿಂದ ಎಬ್ಬಿಸಿದ್ದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆರು ವರ್ಷ ನೀರು, ಗೊಬ್ಬರ ಕೊಟ್ಟ ಮೇಲೆ ಹೊಂಬಾಳೆ ಒಡೆಯಿತು. ನೋಡಿದರೆ 7 ಗಂಡು!

ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿಯಲ್ಲಿ ಹೆಚ್ಚುಕಮ್ಮಿ ಅರ್ಧಕ್ಕರ್ಧ ಗಂಡು. ಹೂ ಬಿಡುವ ತನಕ ನಮಗೆ ಗುರುತು ಸಿಗದು. ಹೆಣ್ಣಾದರೂ ತಾಯಿಮರದ ಗುಣ ಬರುತ್ತದೆಂಬ ಭರವಸೆಯಿಲ್ಲ. ಅದು ಬೇಕೆಂದರೆ ಬುಡದ ಮರಿ, ಇಲ್ಲವೇ ಅಂಗಾಂಶ ಕೃಷಿಯ ಸಸಿಯೇ ಆಗಬೇಕು. ಅಂಗಾಂಶ ಸಸಿ ಒಂದಕ್ಕೆ ಸಾವಿರಗಟ್ಟಲೆ ರೂಪಾಯಿ. 25 ಅಡಿ ಅಂತರದಲ್ಲಿ ಎಕರೆಗೆ ಸುಮಾರು 70 ಸಸಿ. ಎರಡೆಕರೆಯವನು ಸಾಲ ಮಾಡಿ ಹಾಕುವ ಬೆಳೆಯೇ ಇದು?

ಇನ್ನು ಮಳೆ. ಈ ಮರಕ್ಕೆ ಬುಡದಲ್ಲಿ ನೀರು, ತಲೆ ಮೇಲೆ ಬೆಂಕಿಯಂಥ ಬಿಸಿಲು ಬೇಕು. ನಮ್ಮಲ್ಲಿ ಹಣ್ಣು ಮಾಗುವ ಹೊತ್ತಿಗೇ ಮುಂಗಾರು ಹಿಡಿಯುತ್ತದೆ. ನನ್ನ ಮೊದಲ ಫಸಲು ಗೊನೆಯಲ್ಲೇ ಬಿರಿದು ಹುಳಿಯಿತು. ಗುಜರಾತಿನ ಕಚ್ಛ್‌ನವರಿಗೂ ಇದೇ ಪಾಡು. ಅವರು ಹಣ್ಣು ಒಣಗುವ ತನಕ ಕಾಯುವುದಿಲ್ಲ. ಹಳದಿ, ಕೆಂಪು ಬಣ್ಣ ತಿರುಗಿದ ಗಟ್ಟಿ ಹಣ್ಣನ್ನೇ 'ಖಾರೆಕ್' ಎಂದು ಮಾರುತ್ತಾರೆ. ಅದಕ್ಕೆ 2024ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಬರ್ಹಿ ತಳಿ ಈ ಹಂತದಲ್ಲೇ ಸಿಹಿ. ಆದರೆ ಹಸಿ ಹಣ್ಣು ಬಹಳ ದಿನ ತಾಳದು, ಕೊಳ್ಳುವವರು ಹತ್ತಿರದಲ್ಲೇ ಬೇಕು.

ಕೆಲಸವೂ ಕಡಿಮೆಯಲ್ಲ. ಹೆಣ್ಣು ಹೊಂಬಾಳೆ ಒಡೆದ ಎರಡು ಮೂರು ದಿನದೊಳಗೆ ಗಂಡು ಹೂವಿನ ಎಳೆಗಳನ್ನು ಅದರೊಳಗೆ ಸಿಕ್ಕಿಸಬೇಕು. ಮುಳ್ಳು ಕೈ ಸೀಳುತ್ತದೆ. ತೆಂಗಿನ ಕುರುವಾಯಿ ಕೀಟ, ಕೆಂಪುಮೂತಿ ಹುಳ ಇದನ್ನೂ ಬಿಡವು.

"ತಿಂದ್ರೆ ರಕ್ತ ಹೆಚ್ಚುತ್ತೆ" ಎಂದು ಮಾರುವವರಿದ್ದಾರೆ. ನಾರು, ಪೊಟ್ಯಾಸಿಯಂ ಇರುವುದು ನಿಜ. ಕಬ್ಬಿಣದಂಶ ಮಾತ್ರ ನಮ್ಮ ರಾಗಿಯಲ್ಲೇ ಹೆಚ್ಚು. ಒಣ ಖರ್ಜೂರದಲ್ಲಿ ಹೆಚ್ಚಿನ ಪಾಲು ಸಕ್ಕರೆ, ಸಕ್ಕರೆ ಕಾಯಿಲೆಯವರು ಕೈ ಹಿಡಿದು ತಿನ್ನಬೇಕು.

ಖರ್ಜೂರ ಬೇಡವೇ ಬೇಡ ಎನ್ನುತ್ತಿಲ್ಲ. ಮೊದಲು ಬದುವಿಗೆ ನಾಲ್ಕು ಹೆಣ್ಣು, ಒಂದು ಗಂಡು ಹಾಕಿ. ನಿಮ್ಮ ಮಳೆಯಲ್ಲಿ ಹಣ್ಣು ಉಳಿಯುತ್ತದಾ, ಸಂತೆಯಲ್ಲಿ ಹೋಗುತ್ತದಾ ನೋಡಿ. ಎಕರೆಯ ಮಾತು ಆಮೇಲೆ. ಪರಾಗ ಬೇಕಾದರೆ ನನ್ನಲ್ಲಿಗೆ ಬನ್ನಿ. ಏಳು ಗಂಡು ಮರ ಇವೆಯಲ್ಲ, ಪುಕ್ಕಟೆ ಕೊಡ್ತೀನಿ!