ತಾತನ ಮಂಡಿ, ಮೊಮ್ಮಗನ ಕಣ್ಣು



ಚಳಿ ಶುರುವಾಗುವುದು ಕ್ಯಾಲೆಂಡರಿಗಿಂತ ಮೊದಲೇ ನನ್ನ ಎಡಮಂಡಿಗೆ ಗೊತ್ತಾಗುತ್ತದೆ. ಮೆಟ್ಟಿಲು ಇಳಿಯುವಾಗ 'ಕಟಕ್' ಎನ್ನುತ್ತದೆ. ನಾಲ್ಕನೇ ತರಗತಿಯ ಮೊಮ್ಮಗನಿಗೆ ದಿನಾ ಸಂಜೆ ಒಂದು ಕೆಲಸ, ತಾತನ ಮಂಡಿಗೆ ನೋವಿನ ಜೆಲ್ ಹಚ್ಚುವುದು. ಪುಟ್ಟ ಕೈ, ತಣ್ಣನೆಯ ಜೆಲ್, ನಡುನಡುವೆ ಶಾಲೆಯ ಸುದ್ದಿ. ನೋವು ಅರ್ಧ ಅಲ್ಲೇ ಇಳಿಯುತ್ತಿತ್ತು.

ಕಳೆದ ತಿಂಗಳು ಒಂದು ಸಂಜೆ ನೋವು ಜಾಸ್ತಿಯಿತ್ತು. "ಇನ್ನೂ ಸ್ವಲ್ಪ ಹಾಕೋ" ಎಂದೆ. ಹಾಕಿದ. ಮೇಲೆ ಮಫ್ಲರು ಬಿಗಿದು, ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದೆ. ಚುರುಚುರು ಉರಿಯಿತು. 'ಔಷಧಿ ಕೆಲಸ ಮಾಡ್ತಿದೆ' ಎಂದುಕೊಂಡು ಸುಮ್ಮನಾದೆ. ಬೆಳಿಗ್ಗೆ ನೋಡಿದರೆ ಮಂಡಿ ಕೆಂಪಾಗಿ, ಮೇಲೆ ಎರಡು ಗುಳ್ಳೆ ಎದ್ದಿದ್ದವು.

ಗುಳ್ಳೆಗಿಂತ ನೋವು ಕೊಟ್ಟಿದ್ದು ಬೇರೆ. ಹುಡುಗ ದೋಸೆಯ ತಟ್ಟೆ ಮುಟ್ಟಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದ: "ತಾತ, ನಾನು ಜಾಸ್ತಿ ಹಚ್ಚಿದ್ದಕ್ಕಾ?"

ಅವನನ್ನೂ ಕರೆದುಕೊಂಡು ವೈದ್ಯರ ಬಳಿ ಹೋದೆ. ಅವರು ನೋಡಿ ನಕ್ಕರು. "ತಪ್ಪು ಹಚ್ಚಿದವನದಲ್ಲಪ್ಪ, ಹಚ್ಚಿಸಿಕೊಂಡು ಸುತ್ತಿದವರದು!" ಎಂದರು. ಅಲ್ಲಿಂದ ಬಂದ ಮೇಲೆ ನಾನೂ ಅವನೂ ಭೂತಗನ್ನಡಿ ಹಿಡಿದು ಟ್ಯೂಬಿನ ಮೇಲಿನ ಸಣ್ಣಕ್ಷರ ಓದಿದೆವು. ಆಗ ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ನಮ್ಮಲ್ಲಿ ಸಿಗುವ ಬಹಳಷ್ಟು ಜೆಲ್‌ಗಳಲ್ಲಿ ಡೈಕ್ಲೋಫೆನಾಕ್ ಇರುತ್ತದೆ. ಊತ, ನೋವು ಇಳಿಸುವ ನಿಜವಾದ ಔಷಧಿ ಇದು. ಚರ್ಮದ ಮೂಲಕ ರಕ್ತಕ್ಕೆ ಸೇರುವುದು ಸ್ವಲ್ಪವೇ. ಹಾಗಾಗಿ ನುಂಗುವ ಮಾತ್ರೆಗಿಂತ ಹೊಟ್ಟೆಗೆ ತೊಂದರೆ ಕಡಿಮೆ. ಆದರೆ 'ಕಡಿಮೆ' ಅಂದರೆ 'ಇಲ್ಲವೇ ಇಲ್ಲ' ಅಂತಲ್ಲ. ಜೊತೆಗೆ ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್, ಕೆಲವೊಮ್ಮೆ ಮೆಣಸಿನಕಾಯಿಯ ಖಾರದ ಸಾರ ಕ್ಯಾಪ್ಸೈಸಿನ್ ಸೇರಿರುತ್ತವೆ.

ಮಕ್ಕಳೇ, ಪೆಪ್ಪರ್‌ಮಿಂಟ್ ಚೀಪಿ ನೀರು ಕುಡಿದು ನೋಡಿ. ನೀರು ಫ್ರಿಜ್‌ನಿಂದ ಬಂದಂತೆ ತಣ್ಣಗಿರುತ್ತದೆ. ನೀರೇನೂ ತಣ್ಣಗಾಗಿಲ್ಲ. ಚಳಿಯ ಸುದ್ದಿ ಒಯ್ಯುವ ನರವನ್ನು ಮೆಂಥಾಲ್ ಸುಮ್ಮನೆ ತಟ್ಟಿ ಎಬ್ಬಿಸಿತು, ಅಷ್ಟೆ. ಮೆಣಸಿನಕಾಯಿ ಹಾಗೆಯೇ ಬಿಸಿಯ ನರವನ್ನು ಎಬ್ಬಿಸುತ್ತದೆ. ಮೆಣಸಿನಕಾಯಿಯ ಖಾರವನ್ನೇ ಹಿಡಿದು ಬಿಸಿ ಅರಿಯುವ ಬಾಗಿಲನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ, ಆರ್ಡೆಮ್ ಪಟಪೂಟಿಯನ್ ಅವರ ಜೊತೆ 2021ರ ನೊಬೆಲ್ ಪ್ರಶಸ್ತಿ ಬಂತು.

ನನ್ನ ತಪ್ಪು ಇಲ್ಲೇ ಇತ್ತು. ಜೆಲ್ ಹಚ್ಚಿದ ಜಾಗದಲ್ಲಿ ಬಿಸಿ-ತಂಪಿನ ಲೆಕ್ಕ ತಪ್ಪಿರುತ್ತದೆ. ಅದರ ಮೇಲೆ ಬಿಸಿ ಚೀಲ ಇಟ್ಟರೆ ಚರ್ಮ ಸುಡುತ್ತಿದ್ದರೂ 'ಔಷಧಿಯ ಉರಿ' ಎನ್ನಿಸುತ್ತದೆ. ಬಿಗಿಯಾಗಿ ಸುತ್ತಿದರೆ ಔಷಧಿ ಅಗತ್ಯಕ್ಕಿಂತ ಹೆಚ್ಚು ಒಳಗಿಳಿಯುತ್ತದೆ. ಇಂಥ ಮುಲಾಮುಗಳಿಂದ ಅಪರೂಪಕ್ಕೆ ಗುಳ್ಳೆ, ಸುಟ್ಟಗಾಯ ಆಗುವುದುಂಟೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲೇ ಎಚ್ಚರಿಸಿತ್ತು. ಸ್ವಲ್ಪ ಚುರುಕು ಸಹಜ. ನಿಜವಾದ ಉರಿ ಬಂದರೆ ತಕ್ಷಣ ಸೋಪು-ನೀರಿನಿಂದ ತೊಳೆಯಬೇಕು.

ಹಿರಿಯರೇ, ಇವನ್ನು ನೆನಪಿಡಿ. ಗಾಯ, ಗೀರು, ತುರಿಗಜ್ಜಿ ಇರುವ ಚರ್ಮಕ್ಕೆ ಜೆಲ್ ಬೇಡ. ಕಣ್ಣು, ಬಾಯಿ, ಮೂಗಿನ ಹತ್ತಿರವೂ ಬೇಡ. ಎಷ್ಟು ಸಲ, ಎಷ್ಟು ಎಂಬುದನ್ನು ಟ್ಯೂಬಿನ ಮೇಲೆ ಬರೆದಷ್ಟೇ ಪಾಲಿಸಿ. ಹಚ್ಚಿದ ಮೇಲೆ ಒಂದು ಗಂಟೆ ಸ್ನಾನ ಮಾಡಬೇಡಿ, ಆ ಜಾಗಕ್ಕೆ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಒಂದು ನೋವಿಗೆ ಜೆಲ್, ಸ್ಪ್ರೇ, ಮಾತ್ರೆ ಎಲ್ಲವನ್ನೂ ಒಟ್ಟಿಗೆ ಬಳಸಬೇಡಿ.

ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್‌ನ ಸಂಬಂಧಿ. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ನುಂಗುವವರು ಇದನ್ನು ಧಾರಾಳವಾಗಿ ಬಳಿದುಕೊಂಡರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆಸ್ಪಿರಿನ್ ಒಗ್ಗದವರು, ನೋವಿನ ಮಾತ್ರೆಯಿಂದ ಉಬ್ಬಸ ಬರುವವರು, ಹೊಟ್ಟೆ ಹುಣ್ಣು ಅಥವಾ ಕಿಡ್ನಿ ತೊಂದರೆ ಇರುವವರು, ಬಸುರಿಯರು ವೈದ್ಯರನ್ನು ಕೇಳಿಯೇ ಹಚ್ಚಬೇಕು. ವಾರವಾದರೂ ನೋವು ಇಳಿಯದಿದ್ದರೆ ಇನ್ನೊಂದು ಟ್ಯೂಬು ಕೊಳ್ಳುವ ಬದಲು ವೈದ್ಯರಿಗೆ ತೋರಿಸಿ. ಕೀಲು ಕೆಂಪಗಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅದೇ ದಿನ ಹೋಗಿ.

ಈಗ ಮಕ್ಕಳ ಸರದಿ. ಆಟೋಟದ ಮಾರನೇ ದಿನ ತೊಡೆ, ಮೀನಖಂಡ ನೋಯುವುದು ಸಹಜ. ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ. ಅದಕ್ಕೆ ತಾತನ ಜೆಲ್ ಬೇಡ. ಬಹಳಷ್ಟು ಜೆಲ್‌ಗಳು ನಿಮ್ಮ ವಯಸ್ಸಿನವರಿಗೆ ಅಲ್ಲವೇ ಅಲ್ಲ. ಕಾಲು ಉಳುಕಿದರೆ ಐಸನ್ನು ಬಟ್ಟೆಯಲ್ಲಿ ಸುತ್ತಿ ಹತ್ತು-ಹದಿನೈದು ನಿಮಿಷ ಇಡಿ, ಆಟ ನಿಲ್ಲಿಸಿ. ಕಾಲೂರಲು ಆಗದಿದ್ದರೆ ದೊಡ್ಡವರಿಗೆ ಹೇಳಿ.

ಇನ್ನೊಂದು ಮುಖ್ಯ ಮಾತು. ಅಜ್ಜಿಗೆ ಜೆಲ್ ಹಚ್ಚಿದ ಕೈಯಲ್ಲಿ ಕಣ್ಣುಜ್ಜಿಕೊಂಡರೆ? ನನ್ನ ಮೊಮ್ಮಗ ಒಮ್ಮೆ ಹಾಗೆ ಮಾಡಿ ಮನೆಯೆಲ್ಲ ಕುಣಿದಿದ್ದ. ಹಾಗಾದರೆ ಹದಿನೈದು ನಿಮಿಷ ಶುದ್ಧ ನೀರಿನಿಂದ ಕಣ್ಣು ತೊಳೆದು ವೈದ್ಯರಿಗೆ ತೋರಿಸಬೇಕು. ಟ್ಯೂಬನ್ನು ಟೂತ್‌ಪೇಸ್ಟಿನ ಪಕ್ಕ ಇಡಲೇಬಾರದು. ಚಿಕ್ಕ ಮಗು ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಟ್ಯೂಬಿನ ಸಮೇತ ಆಸ್ಪತ್ರೆಗೆ ಓಡಬೇಕು. ಮೀಥೈಲ್ ಸ್ಯಾಲಿಸಿಲೇಟೇ ತುಂಬಿರುವ ವಿಂಟರ್‌ಗ್ರೀನ್ ಎಣ್ಣೆ ಒಂದು ಟೀ ಚಮಚದಷ್ಟು ಹೊಟ್ಟೆಗೆ ಹೋದರೂ ಇಪ್ಪತ್ತಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆ ನುಂಗಿದಂತೆ!

ಹಚ್ಚಿದ ಜಾಗವನ್ನು ನಾಯಿ, ಬೆಕ್ಕು ನೆಕ್ಕದಿರಲಿ. ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ವಿಷವಾದ ಕಥೆ ನಮ್ಮ ದೇಶದ್ದೇ ಇದೆ. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನ ಅಂಚಿಗೆ ತಂದಿತು. 2006ರಲ್ಲಿ ದನಗಳಿಗೆ ಅದರ ಬಳಕೆ ನಿಷೇಧವಾಯಿತು. 'ಶೋಲೆ' ಸಿನಿಮಾದ ಬಂಡೆಗಳೆಂದು ಅಜ್ಜ-ಅಜ್ಜಿಯರಿಗೆ ಗೊತ್ತಿರುವ ರಾಮನಗರದ ಸೀಮೆಯಲ್ಲೇ ಇರುವ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ವನ್ಯಧಾಮ.

ಈಗ ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿದೆ. ಜೆಲ್ ಹಚ್ಚಿಕೊಳ್ಳುವುದು ನಾನೇ, ಕೈ ತೊಳೆಯುವುದೂ ನಾನೇ. ನನ್ನ ಕನ್ನಡಕಕ್ಕೆ ಕಾಣದ ಅಕ್ಷರ, ಅವಧಿ ಮುಗಿಯುವ ತಿಂಗಳು ಓದಿ ಹೇಳುವುದು ಮೊಮ್ಮಗ. ಶಾಲೆಯ ಸುದ್ದಿ ಮಾತ್ರ ಮೊದಲಿನಂತೆಯೇ ಮಂಡಿಯ ಪಕ್ಕ ಕೂತೇ ಹೇಳುತ್ತಾನೆ. ಆ ಮದ್ದಿಗೆ ಅಡ್ಡ ಪರಿಣಾಮವಿಲ್ಲ.