ಓಟಕ್ಕೆ ಬೀದಿಯಲ್ಲ, ಮಣ್ಣಿನ ಪಥ ಬೇಕು

ಹೆದ್ದಾರಿಯಲ್ಲಿ ಮೋಟಾರು ಸೈಕಲ್ಲಿನ ಮುಂಗಾಲಿಯನ್ನು ಮೇಲೆತ್ತಿ ಒಂಟಿ ಗಾಲಿಯ ಮೇಲೆ ಓಡಿಸುವ ಗೀಳು ನಮ್ಮ ತರುಣರಲ್ಲಿ ಬೆಳೆದಿರುವುದನ್ನು ವಾಚಕರು ಬಲ್ಲರು. ಇದು ಬೆಂಗಳೂರಿನ ವಿಮಾನ ನಿಲ್ದಾಣದ ದಾರಿಯ ಚಾಳಿಯಾಗಿ ಮಾತ್ರ ಉಳಿದಿಲ್ಲ. ಜಿಲ್ಲೆಯ ಊರುಗಳಿಗೂ ಹಬ್ಬಿದೆ. ೨೦೨೫ರಲ್ಲಿ ಇಂಥ ಮೊಕದ್ದಮೆಯೊಂದರಲ್ಲಿ ಜಾಮೀನನ್ನು ನಿರಾಕರಿಸಿದ ನಮ್ಮ ಉಚ್ಚ ನ್ಯಾಯಾಲಯವು, ಕಾಯಿದೆಯನ್ನು ಇನ್ನಷ್ಟು ಬಿಗಿಗೊಳಿಸಬೇಕೆಂದು ಸರಕಾರಕ್ಕೆ ಹೇಳಿತು. ಪೋಲೀಸರು ಹಿಡಿಯುತ್ತಾರೆ, ದಂಡ ಹಾಕುತ್ತಾರೆ, ವಾಹನವನ್ನು ಠಾಣೆಯಂಗಳದಲ್ಲಿ ನಿಲ್ಲಿಸುತ್ತಾರೆ. ಮರುವಾರ ಅದೇ ದಾರಿಯಲ್ಲಿ ಬೇರೆ ಹುಡುಗರು ಕಾಣಿಸಿಕೊಳ್ಳುತ್ತಾರೆ.

ಕಾಯಿದೆಯ ಕೊರತೆಯಿಂದ ಹೀಗಾಗುತ್ತಿದೆಯೆನ್ನಲಾಗದು. ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯದ ಓಟ ನಡೆಸುವುದು ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೯ನೆಯ ಕಲಮಿನಂತೆ ಅಪರಾಧ. ೨೦೧೯ರ ತಿದ್ದುಪಡಿಯಂತೆ, ಪ್ರಾಪ್ತವಯಸ್ಕನಲ್ಲದ ಹುಡುಗನು ವಾಹನ ನಡೆಸಿ ಅಪರಾಧ ಮಾಡಿದರೆ ಅವನ ಪೋಷಕರಿಗೆ ಮೂರು ವರ್ಷದವರೆಗೆ ಸೆರೆವಾಸವೂ ೨೫,೦೦೦ ರೂಪಾಯಿ ದಂಡವೂ ಉಂಟು. ಆ ಹುಡುಗನಿಗೆ ೨೫ ವರ್ಷ ತುಂಬುವ ತನಕ ಪರವಾನಗಿ ದೊರೆಯದು. ಇದನ್ನು ನಾವು ಸಡಿಲಿಸಬೇಕೆನ್ನುವುದಿಲ್ಲ. ದಾರಿಯಲ್ಲಿ ನಡೆಯುವ ವೃದ್ಧೆಗೂ ಶಾಲೆಗೆ ಹೋಗುವ ಮಗುವಿಗೂ ಪ್ರಾಣಭಯವಿಲ್ಲದೆ ಸಂಚರಿಸುವ ಹಕ್ಕುಂಟು. ಆದರೆ ಕಾಯಿದೆಯು ತರುಣನಿಗೆ ಎಲ್ಲಿ ಓಡಿಸಬಾರದೆಂಬುದನ್ನು ಹೇಳುತ್ತದೆಯೇ ಹೊರತು, ಎಲ್ಲಿ ಓಡಿಸಬಹುದೆಂಬುದನ್ನು ಹೇಳುವವರು ಯಾರೂ ಇಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಊರಿನ ಹುಡುಗರ ತೋಳಿನ ತೀಟೆಯು ಬೀದಿಯ ಜಗಳವಾಗದಂತೆ ಅವರು ಗರಡಿಯನ್ನು ಕಟ್ಟಿದರು, ಕೆಮ್ಮಣ್ಣನ್ನು ಹದಗೊಳಿಸಿದರು, ಪಟ್ಟುಗಳನ್ನು ಕಲಿಸಲು ಉಸ್ತಾದನನ್ನು ಗೊತ್ತುಮಾಡಿದರು. ಯಂತ್ರಯುಗದ ತರುಣನಿಗೆ ಅಂಥ ಗರಡಿ ಯಾವುದು? ಮೋಟೋಕ್ರಾಸ್ ಎಂದು ಕರೆಯಲ್ಪಡುವ ಮಣ್ಣಿನ ಓಟದ ಪಥವೇ ಅದೆಂದು ನಮ್ಮ ಅಭಿಪ್ರಾಯ.

ಈ ಕ್ರೀಡೆ ಲೋಕಕ್ಕೆ ಹೊಸದಲ್ಲ. ೧೯೨೪ರಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ಕ್ಯಾಂಬರ್ಲಿಯಲ್ಲಿ ನಡೆದ ಪಂದ್ಯದಿಂದ ಇದರ ಚರಿತ್ರೆಯನ್ನು ಎಣಿಸುವುದು ವಾಡಿಕೆ. ಪಥವೆಂದರೆ ಒಂದೆರಡು ಕಿಲೋಮೀಟರು ಉದ್ದವಾಗಿ ಸುತ್ತಿ ಬಂದು ಕೂಡಿಕೊಳ್ಳುವ ಮಣ್ಣಿನ ದಾರಿ; ಅದರಲ್ಲಿ ದಿಬ್ಬಗಳೂ ತಗ್ಗುಗಳೂ ಕಡಿದಾದ ತಿರುವುಗಳೂ ಇರುತ್ತವೆ. ಅಲ್ಲಿಯ ಯಂತ್ರಕ್ಕೆ ದೀಪವಿಲ್ಲ, ಕನ್ನಡಿಯಿಲ್ಲ; ಉಬ್ಬುಹಲ್ಲಿನ ಟಯರುಗಳೂ ಸುಮಾರು ಒಂದಡಿಯಷ್ಟು ಕುಗ್ಗಿ ಹಿಗ್ಗುವ ಸ್ಪ್ರಿಂಗುಗಳೂ ಉಂಟು. ಸವಾರನು ಆಸನದಲ್ಲಿ ಕುಳಿತಿರುವುದಕ್ಕಿಂತ ಕಾಲ್ಮೆಟ್ಟುಗಳ ಮೇಲೆ ನಿಂತು, ಮೊಣಕಾಲುಗಳಿಂದ ಯಂತ್ರವನ್ನು ಅಪ್ಪಿ ಹಿಡಿದಿರುವುದೇ ಹೆಚ್ಚು. ದಿಬ್ಬದಿಂದ ಹಾರಿದಾಗ ಮುಂಗಾಲಿ ಕೆಳಕ್ಕೆ ವಾಲಿದರೆ ವೇಗದ ಹಿಡಿಯನ್ನು ತಿರುಗಿಸಿ ಅದನ್ನು ಎತ್ತಬೇಕು. ಮೇಲಕ್ಕೇರಿದರೆ ಹಿಂದಿನ ಬ್ರೇಕನ್ನು ಒತ್ತಿ ಇಳಿಸಬೇಕು. ಇಷ್ಟನ್ನೂ ನೆಲ ಮುಟ್ಟುವಷ್ಟರಲ್ಲಿ ಮಾಡಬೇಕು. ಇದನ್ನು ಕಲಿತವನಿಗೆ ಬೀದಿಯಲ್ಲಿ ಗಾಲಿಯೆತ್ತುವ ಆಟವು ಮಕ್ಕಳಾಟವಾಗಿ ಕಾಣುವುದು.

ಅದಕ್ಕಿಂತ ಮುಖ್ಯವಾದುದು ಅಲ್ಲಿಯ ಶಿಸ್ತು. ಎಲ್ಲರೂ ಒಂದೇ ದಿಕ್ಕಿಗೆ ಓಡುವುದರಿಂದ ಎದುರಿನಿಂದ ಬರುವ ಬಸ್ಸಾಗಲಿ ಅಡ್ಡ ಬರುವ ದನವಾಗಲಿ ಇಲ್ಲ. ಹಳದಿ ಬಾವುಟ ಬೀಸಿದರೆ ಮುಂದೆ ಒಬ್ಬನು ಬಿದ್ದಿರುವನೆಂದು ಅರ್ಥ. ಆಗ ಯಾರನ್ನೂ ಹಿಂದಿಕ್ಕುವಂತಿಲ್ಲ. ನೀಲಿ ಬಾವುಟ ಕಂಡರೆ ಸುತ್ತೊಂದು ಮುಂದಿರುವವನಿಗೆ ದಾರಿ ಬಿಡಬೇಕು. ಬಿದ್ದವನಿಗಾಗಿ ವೇಗವನ್ನು ತಗ್ಗಿಸುವ ಅಭ್ಯಾಸವು ಮೈಗೂಡಿದ ಹುಡುಗನು ಊರಿನ ದಾರಿಯಲ್ಲಿಯೂ ಅದನ್ನು ಮರೆಯಲಾರನೆಂದು ನಾವು ನಂಬುತ್ತೇವೆ.

ಕನ್ನಡಿಗರಿಗೆ ಈ ವಿದ್ಯೆಯು ಎಟುಕದ್ದೆಂದು ಯಾರೂ ಹೇಳುವಂತಿಲ್ಲ. ಜಗತ್ತಿನಲ್ಲಿಯೇ ಕಠಿಣವೆನಿಸಿದ ಡಾಕಾರ್ ಓಟವನ್ನು ೨೦೧೫ರಲ್ಲಿ ಪೂರೈಸಿ ೩೬ನೆಯವರಾಗಿ ಬಂದ ಬೆಂಗಳೂರಿನ ಸಿ. ಎಸ್. ಸಂತೋಷರು, ಆ ಓಟವನ್ನು ಮುಗಿಸಿದ ಮೊದಲ ಭಾರತೀಯರು. ಉಡುಪಿಯ ಕೆ. ಪಿ. ಅರವಿಂದರು ೨೦೧೯ರಲ್ಲಿ ಅದನ್ನೇ ಪೂರೈಸಿದರು. ಇಬ್ಬರೂ ಮೊದಲು ಪಳಗಿದ್ದು ಇಂಥ ಮಣ್ಣಿನ ಪಥಗಳಲ್ಲಿಯೇ. ಅದೇ ೨೦೧೯ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯವರು ಬಾಹಾ ಓಟಗಳ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿಯನ್ನು ಗೆದ್ದರು. ಸಂತೋಷರು ಕೋಲಾರದ ಸಮೀಪದಲ್ಲಿ ತರಬೇತಿಯ ಪಥವೊಂದನ್ನು ತಾವೇ ಕಟ್ಟಿದರು. ವ್ಯಕ್ತಿಯೊಬ್ಬರ ಸಾಹಸದಿಂದ ಇಷ್ಟಾದರೆ, ಜಿಲ್ಲೆಗಳ ಆಡಳಿತವು ಮನಸ್ಸುಮಾಡಿದರೆ ಎಷ್ಟಾಗಲಾರದು?

ಇದು ಅಪಾಯದ ಆಟವೆಂದು ಕೆಲವರು ಆಕ್ಷೇಪಿಸುವರು. ಅಹುದು, ಅಪಾಯವುಂಟು. ೨೦೨೧ರ ಡಾಕಾರಿನಲ್ಲಿ ಬಿದ್ದ ಸಂತೋಷರ ತಲೆಗೆ ತೀವ್ರವಾದ ಪೆಟ್ಟಾಗಿ, ವೈದ್ಯರು ಅವರನ್ನು ಔಷಧದಿಂದ ಪ್ರಜ್ಞೆ ತಪ್ಪಿಸಿ ಇಡಬೇಕಾಯಿತು. ಶಿರಸ್ತ್ರಾಣ, ಎದೆಗವಚ, ಮೊಣಕಾಲಿನ ಪಟ್ಟಿ, ಗಟ್ಟಿ ಬೂಟುಗಳಿದ್ದರೂ ಮೂಳೆ ಮುರಿಯುವುದುಂಟು. ಆದರೆ ಕವಚ ತೊಟ್ಟು, ವೈದ್ಯನು ಪಕ್ಕದಲ್ಲಿರುವಾಗ, ತಾನಾಗಿ ಒಪ್ಪಿಕೊಂಡ ಅಪಾಯವೇ ಬೇರೆ. ಬರಿತಲೆಯಲ್ಲಿ ಓಡಿಸಿ ದಾರಿಹೋಕನ ಮೇಲೆ ಹೇರುವ ಅಪಾಯವೇ ಬೇರೆ. ಇದು ಸಿರಿವಂತರ ಷೋಕಿಯೆಂಬುದು ಎರಡನೆಯ ಆಕ್ಷೇಪ. ಹೊರದೇಶದ ಯಂತ್ರಕ್ಕೆ ಹಲವು ಲಕ್ಷ ರೂಪಾಯಿ ಬೆಲೆಯಿರುವುದು ದಿಟ. ಅದಕ್ಕೆಂದೇ ಪಥದ ಸಂಘವು ನಾಲ್ಕಾರು ಯಂತ್ರಗಳನ್ನಿಟ್ಟು ಗಂಟೆಯ ಬಾಡಿಗೆಗೆ ಕೊಡಬೇಕು. ಇಲ್ಲವಾದರೆ ಮೆಕ್ಯಾನಿಕನ ಅಂಗಡಿಯಲ್ಲಿ ದುಡಿಯುವ ಹುಡುಗನು ಹೊರಗೇ ನಿಲ್ಲುವನು. ಬೀದಿಗೆ ಇಳಿಯುವವನೂ ಅವನೇ ಆದಾನು.

ಸದ್ದು, ಧೂಳುಗಳ ಮಾತೂ ಸುಳ್ಳಲ್ಲ. ಓಟಕ್ಕೆ ಮುನ್ನ ಪಥಕ್ಕೆ ನೀರು ಹಾಕತಕ್ಕದ್ದು. ಓಟದ ವೇಳೆಯನ್ನು ಕಟ್ಟುನಿಟ್ಟು ಮಾಡತಕ್ಕದ್ದು. ಊರಿನಿಂದಲೂ ಆಸ್ಪತ್ರೆ ಶಾಲೆಗಳಿಂದಲೂ ದೂರವಿರತಕ್ಕದ್ದು. ಗೋಮಾಳವನ್ನಾಗಲಿ ಕೆರೆಯಂಗಳವನ್ನಾಗಲಿ ಇದಕ್ಕಾಗಿ ಮುಟ್ಟಕೂಡದು. ಕಲ್ಲು ತೆಗೆದು ಬಿಟ್ಟ ನೆಲವೂ ಕೃಷಿಗೆ ಬಾರದ ಸರಕಾರಿ ಬಂಜರೂ ಬಹಳ ಜಿಲ್ಲೆಗಳಲ್ಲಿ ಉಂಟು. ಅಂಥ ನಾಲ್ಕಾರು ಎಕರೆಯನ್ನು ಭದ್ರಪಡಿಸಿ ಕರಾರಿನ ಮೇಲೆ ಸಂಘಕ್ಕೆ ಕೊಟ್ಟರೆ ಬೊಕ್ಕಸಕ್ಕೆ ಭಾರವೇನೂ ಬೀಳದು.

ಆದುದರಿಂದ ಜಿಲ್ಲಾಧಿಕಾರಿಗಳಲ್ಲಿಯೂ ನಗರಸಭೆಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ: ದಂಡದ ಪುಸ್ತಕದ ಜತೆಗೆ ಪಥದ ನಕ್ಷೆಯನ್ನೂ ಮೇಜಿನ ಮೇಲಿಡಿರಿ. ಮೊದಲ ಸಲ ಸಿಕ್ಕಿಬಿದ್ದ ಹುಡುಗನಿಗೆ ದಂಡವನ್ನು ವಿಧಿಸಿದ ಮೇಲೆ, ಆ ಪಥದ ಉಸ್ತಾದನ ಬಳಿಗೂ ಅವನನ್ನು ಕಳುಹಿಸಿರಿ. ತಂದೆತಾಯಿಗಳಲ್ಲಿಯೂ ಒಂದು ಮಾತು. ಹದಿನಾರರ ಮಗನಿಗೆ ಬೀಗದ ಕೈಯನ್ನು ಕೊಡುವುದು ಪ್ರೀತಿಯಲ್ಲ. ಅವನು ಕಲಿಯಲು ತಕ್ಕ ಸ್ಥಳವನ್ನು ಊರಿಗೆ ಊರೇ ಕೂಡಿ ಕೇಳುವುದು ಪ್ರೀತಿ. ತಾರುಣ್ಯದ ಕಸುವು ಹರಿಯುವ ನೀರಿನಂತೆ. ಕಾಲುವೆಯನ್ನು ತೋಡದೆ ಕಟ್ಟೆಯನ್ನು ಮಾತ್ರ ಎತ್ತರಿಸುತ್ತ ಹೋದರೆ ಅದು ಒಡೆಯದೆ ಇರದು.