ಬಾಯಿಮಾತಿನಲ್ಲೇ ಮುಚ್ಚುವ ಶಾಲೆಯ ಬಾಗಿಲು

ಆಟಿಸಂ ಇರುವ, ಬುದ್ಧಿ ಬೆಳವಣಿಗೆ ನಿಧಾನವಾದ ಅಥವಾ ಓದು-ಬರಹದಲ್ಲಿ ತೊಡಕಿರುವ ಮಗುವಿಗೆ 'ನಮ್ಮಲ್ಲಿ ಪ್ರವೇಶ ಇಲ್ಲ' ಎಂದು ಬರೆದು, ಸೀಲು ಒತ್ತಿ ಕೊಟ್ಟ ಒಂದೇ ಒಂದು ಶಾಲೆಯನ್ನು ಹುಬ್ಬಳ್ಳಿ-ಧಾರವಾಡದಲ್ಲಿ ನಾನು ಕಂಡಿಲ್ಲ. ಕಳಿಸುವುದೆಲ್ಲ ಬಾಯಿಮಾತಿನಲ್ಲಿ, ಅದೂ ಬಹಳ ಮರ್ಯಾದೆಯಿಂದ. "ನೋಡ್ರಿ ಅಕ್ಕಾರ, ನಮ್ಮ ಸಾಲ್ಯಾಗ ಇಂಥ ಹುಡುಗ್ರಿಗೆ ಫೆಸಿಲಿಟಿ ಇಲ್ಲ. ಬ್ಯಾರೆ ಕಡೆ ಹಾಕಿದ್ರ ಅವಂಗೂ ಚಲೋ, ನಿಮಗೂ ಚಲೋ." ಹೇಗೋ ಒಳಗೆ ಸೇರಿದ ಮಗುವಿನ ಗತಿಯೂ ಇದೇ. ಮೊದಲು, ಎರಡು ತಾಸು ಕೂತು ಹೋಗಲಿ ಎನ್ನುತ್ತಾರೆ. ಆಮೇಲೆ ಮಗುವಿನ ಪಕ್ಕದಲ್ಲೇ ಕೂರುವ ಶ್ಯಾಡೋ ಟೀಚರ್ ಬೇಕು, ಅವರ ಪಗಾರ ನೀವೇ ಕೊಡಬೇಕು ಎನ್ನುತ್ತಾರೆ. ಕೊನೆಗೆ ಟಿ.ಸಿ. ಒಯ್ಯಲು ಪಾಲಕರೇ ಅರ್ಜಿ ಬರೆಯಬೇಕಾಗುತ್ತದೆ. ಕಡತದಲ್ಲಿ ಉಳಿಯುವುದು 'ಪಾಲಕರ ಕೋರಿಕೆಯ ಮೇರೆಗೆ' ಎಂಬ ಒಂದೇ ಸಾಲು. ಶಾಲೆ ಮಗುವನ್ನು ಹೊರಹಾಕಿದ್ದಕ್ಕೆ ಪುರಾವೆ ಇಲ್ಲ. ತಾಯಿ ತಾನಾಗಿ ಬಿಡಿಸಿಕೊಂಡು ಹೋದದ್ದಕ್ಕೆ ಸಹಿ ಇದೆ.

ಇದು ಕಾನೂನಿಗೆ ನೇರ ವಿರುದ್ಧ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 16ನೇ ಕಲಂ ಸರ್ಕಾರಿ ಶಾಲೆಗಷ್ಟೇ ಅಲ್ಲ, ಸರ್ಕಾರದ ಅನುದಾನವನ್ನೋ ಮಾನ್ಯತೆಯನ್ನೋ ಪಡೆದ ಪ್ರತಿ ಶಾಲೆಗೂ ಅನ್ವಯಿಸುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಆ ಮಗುವಿಗೆ ಬೇಕಾದ ಅನುಕೂಲವನ್ನು ಆ ಮಗುವಿನ ಅಳತೆಗೆ ಮಾಡಿಕೊಡಬೇಕು, ಕಲಿಕೆಯ ತೊಡಕನ್ನು ಆದಷ್ಟು ಬೇಗ ಗುರುತಿಸಬೇಕು, ಮಗು ಎಷ್ಟು ಮುಂದೆ ಬಂತು ಎಂದು ನೋಡುತ್ತಿರಬೇಕು. ಇವೆಲ್ಲ ಶಾಲೆಯ ಕರ್ತವ್ಯ ಎಂದು ಅಲ್ಲಿ ಬರೆದಿದೆ. ಕಾಯ್ದೆ ಮುರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50 ಸಾವಿರಕ್ಕೆ ಕಡಿಮೆಯಿಲ್ಲದಂತೆ 5 ಲಕ್ಷದವರೆಗೆ. ಆದರೆ ಬಾಯಿಮಾತಿಗೆ ದಂಡ ಹಾಕುವುದು ಹೇಗೆ? ಶಾಲೆಗಳಿಗೆ ಇದು ಚೆನ್ನಾಗಿ ಗೊತ್ತಿದೆ.

ಈಗ ನಡೆದಿರುವ ವಾದವೇ ಬೇರೆ. 2021ರ ಅಕ್ಟೋಬರ್ 28ರಂದು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10ಕ್ಕೆ ಒಬ್ಬರು, ಮೇಲಿನ ಹಂತದಲ್ಲಿ 15ಕ್ಕೆ ಒಬ್ಬರಂತೆ ವಿಶೇಷ ಶಿಕ್ಷಕರಿರಬೇಕು ಎಂದಿತು. 2025ರ ಮಾರ್ಚ್‌ನಲ್ಲಿ ಅದೇ ಪ್ರಕರಣದಲ್ಲಿ, ಎಷ್ಟು ಹುದ್ದೆ ಬೇಕೆಂದು ಲೆಕ್ಕ ಹಾಕಿ ಅಧಿಸೂಚನೆ ಹೊರಡಿಸಿ ಎಂದು ರಾಜ್ಯಗಳಿಗೆ ಗಡುವು ಕೊಟ್ಟಿತು. ಹಳೆಯ ಜಗಳ ಮತ್ತೆ ತಲೆ ಎತ್ತಿದ್ದು ಅಲ್ಲಿಂದ: ಈ ಮಕ್ಕಳು ಎಲ್ಲರ ಜೊತೆ ಕೂತು ಕಲಿಯಬೇಕೋ, ವಿಶೇಷ ಶಾಲೆಗೆ ಹೋಗಬೇಕೋ? ಆಡಳಿತ ಮಂಡಳಿಗಳು ಉಳಿದ 40 ಮಕ್ಕಳ ಪಾಠ ಕೆಡುತ್ತದೆ ಎನ್ನುತ್ತವೆ, ಶಿಕ್ಷಕರು ನಮಗೆ ತರಬೇತಿ ಇಲ್ಲ ಎನ್ನುತ್ತಾರೆ. ಸಮನ್ವಯ ಶಿಕ್ಷಣದ ಪರ ಇರುವವರು ವಿಶೇಷ ಶಾಲೆ ಎಂದರೇ ಸಿಡಿಮಿಡಿಗೊಳ್ಳುತ್ತಾರೆ. ಈ ಆಯ್ಕೆ ಯಾರದು ಎಂಬುದನ್ನು ಕಾಯ್ದೆ ಯಾವತ್ತೋ ಇತ್ಯರ್ಥ ಮಾಡಿದೆ. 31ನೇ ಕಲಂ ಪ್ರಕಾರ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ, ತನಗೆ ಬೇಕಾದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಆಯ್ಕೆ ಮನೆಯವರದು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅದನ್ನು ಕಸಿದುಕೊಂಡ ಮೇಲೆ ಯಾವ ಶಾಲೆ ಉತ್ತಮ ಎಂಬ ಚರ್ಚೆಯಿಂದ ಆ ಮನೆಗೆ ಏನು ಸಿಕ್ಕಿತು?

ಶಿಕ್ಷಕರ ಸಂಕಟ ಸುಳ್ಳಲ್ಲ. ನಲಿ-ಕಲಿಯ ಒಂದೇ ಕೋಣೆಯಲ್ಲಿ ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳನ್ನು ಕೂಡಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ನೋಡಿಕೊಂಡು, ಚುನಾವಣೆ-ಗಣತಿ ಕೆಲಸಕ್ಕೂ ಓಡುವ ಶಿಕ್ಷಕಿಯ ಮೇಲೆ ಇನ್ನೊಂದು ಹೊರೆ ಹಾಕಿ ಕೈ ತೊಳೆದುಕೊಳ್ಳುವ ಇಲಾಖೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ನಲಿ-ಕಲಿ ಹುಟ್ಟಿದ್ದಾದರೂ ಯಾಕೆ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗಲೇ ಅದರ ಜೀವಾಳ, ಪ್ರತಿ ಮಗುವೂ ತನ್ನ ವೇಗದಲ್ಲಿ, ತನ್ನ ಮೆಟ್ಟಿಲಿನಿಂದ ಕಲಿಯಲಿ ಎಂಬುದಾಗಿತ್ತು. ಪಕ್ಕದ ಹುಡುಗ ಹತ್ತನೇ ಮೆಟ್ಟಿಲಲ್ಲಿದ್ದರೆ ಇವನು ಮೂರನೆಯದರಲ್ಲಿರಬಹುದು, ಅದು ಅವಮಾನವಲ್ಲ. ವಿಶೇಷ ಅಗತ್ಯವುಳ್ಳ ಮಗುವಿಗೆ ಬೇಕಾದದ್ದೂ ಹೆಚ್ಚುಕಮ್ಮಿ ಇದೇ. ಕಲಿಕಾ ಏಣಿಯನ್ನು ಇಡೀ ರಾಜ್ಯಕ್ಕೆ ಹಬ್ಬಿಸಿದ ಕರ್ನಾಟಕಕ್ಕೆ ಈ ವಿಚಾರ ಹೊರಗಿನಿಂದ ಬರಬೇಕಾಗಿಲ್ಲ.

ಇನ್ನು ಗೃಹಾಧಾರಿತ ಶಿಕ್ಷಣ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ತೀವ್ರ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಕೊಟ್ಟಿತು. ಮಗುವಿನ ಅನುಕೂಲಕ್ಕೆ ಕೊಟ್ಟದ್ದು ಈಗ ಶಾಲೆಯ ಅನುಕೂಲಕ್ಕೆ ಒದಗುತ್ತಿದೆ. ಹೆಸರು ಹಾಜರಿಯಲ್ಲಿ, ಇಲಾಖೆಯ ಸ್ಯಾಟ್ಸ್ ದಾಖಲೆಯಲ್ಲಿ ಭದ್ರವಾಗಿರುತ್ತದೆ. ಹುಡುಗ ಮಾತ್ರ ಮನೆಯ ಕಟ್ಟೆಯ ಮೇಲೆ. ವಾರಕ್ಕೋ ಹದಿನೈದು ದಿನಕ್ಕೋ ಯಾರಾದರೂ ಬಂದು ಹೋದರೆ ಅದೇ ಶಿಕ್ಷಣ. ನಡೆಯಬಲ್ಲ, ಜೊತೆ ಮಕ್ಕಳನ್ನು ಕಂಡರೆ ಕೈ ಚಪ್ಪಾಳೆ ಹೊಡೆಯುವ ಮಗುವನ್ನು ಈ ಪಟ್ಟಿಗೆ ಸೇರಿಸುವುದು ಅನ್ಯಾಯ ಎಂದು ಹೇಳಲು ಒಬ್ಬರಾದರೂ ಬೇಕಲ್ಲ?

ಇಡೀ ವಿಷಯದ ಗಂಟು ಇರುವುದು ಇಲ್ಲೇ. ಹೇಳುವವರು ಯಾರು?

ಕಲಘಟಗಿಯಿಂದಲೋ ಕುಂದಗೋಳದಿಂದಲೋ ಬೆಳಗಿನ ಬಸ್ಸಿಗೆ ಹೊರಟು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬರುವ ತಾಯಂದಿರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇರುತ್ತದೆ. ಒಪಿಡಿ ಚೀಟಿ, ಐಕ್ಯೂ ವರದಿ, ಆಧಾರ್ ಝೆರಾಕ್ಸ್, ಅಂಗವಿಕಲರ ಗುರುತಿನ ಕಾರ್ಡಿನ (ಯುಡಿಐಡಿ) ಅರ್ಜಿಯ ಪ್ರತಿ, ನಾಲ್ಕು ಪಾಸ್‌ಪೋರ್ಟ್ ಅಳತೆಯ ಫೋಟೊ, ಹಳೆಯ ಶಾಲೆಯ ಟಿ.ಸಿ. ಆ ದಿನದ ಕೂಲಿ ಹೋಯಿತು. ಡಾಕ್ಟರು ನೋಡುತ್ತಾರೆ, ವರದಿ ಬರೆಯುತ್ತಾರೆ, 'ಶಾಲೆಗೆ ಕಳಿಸಿ, ವಿಶೇಷ ಶಿಕ್ಷಣ ಕೊಡಿಸಿ' ಎನ್ನುತ್ತಾರೆ. ಆಸ್ಪತ್ರೆಯ ಕೆಲಸ ಅಲ್ಲಿಗೆ ಮುಗಿಯಿತು. ಆ ವರದಿ ಹಿಡಿದು ಶಾಲೆಗೆ ಹೋದರೆ ಕಾರ್ಡ್ ತರ್ರಿ ಎನ್ನುತ್ತಾರೆ. ಕಾರ್ಡು ಬರುವ ಹೊತ್ತಿಗೆ ಪ್ರವೇಶ ಮುಗಿದಿರುತ್ತದೆ. ಕಾರ್ಡು ಕೇಳುವುದೂ ತಪ್ಪೇ. 16ನೇ ಕಲಮಿನ ಕರ್ತವ್ಯಕ್ಕೆ ಶೇ 40ರ ಮಿತಿ ಇಲ್ಲ. 2021ರ ಫೆಬ್ರುವರಿ 11ರ ವಿಕಾಸ್ ಕುಮಾರ್ ತೀರ್ಪಿನಲ್ಲಿ, ಪರೀಕ್ಷೆಗೆ ಬರಹಗಾರನನ್ನು ಕೊಡಲು ಆ ಮಿತಿ ಅಡ್ಡ ಬರಬಾರದು, ಅನುಕೂಲ ಎಂಬುದು ಆಯಾ ವ್ಯಕ್ತಿಯ ಅಗತ್ಯ ನೋಡಿ ಕೊಡಬೇಕಾದದ್ದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕುಂದಗೋಳದ ತಾಯಿಗೆ ಈ ತೀರ್ಪು ಗೊತ್ತಿರಬೇಕು ಎಂದು ನಿರೀಕ್ಷಿಸುವುದು ಕ್ರೂರ.

ಹಾಗಾದರೆ ಆಕೆಗೆ ಯಾರಿದ್ದಾರೆ? ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳಿದ್ದಾರೆ. ಮಗುವಿನ ಪರಿಚಯ ಬಹುಮಟ್ಟಿಗೆ ಇವರಿಗೇ ಇರುವುದು. ಆದರೆ ಇಡೀ ವಲಯಕ್ಕೆ ಬೆರಳೆಣಿಕೆಯಷ್ಟು ಮಂದಿ, ಮೇಲಾಗಿ ಇಲಾಖೆಯ ನೌಕರರು. ಇಲಾಖೆಯ ಲೋಪವನ್ನು ಇಲಾಖೆಯ ಎದುರೇ ಎತ್ತಿ ಹೇಳಿ ಎಂದು ಅವರನ್ನು ಕೇಳುವುದು ನ್ಯಾಯವಲ್ಲ. ನಗರ ಮತ್ತು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಇವರಲ್ಲಿ ಬಹುತೇಕರು ತಾವೇ ಅಂಗವಿಕಲರು. ಗೌರವಧನಕ್ಕೆ ದುಡಿಯುವ ಅವರ ದಿನವೆಲ್ಲ ಮಾಸಾಶನ, ಕಾರ್ಡು, ಸಾಧನ-ಸಲಕರಣೆಯ ಅರ್ಜಿಯಲ್ಲೇ ಕಳೆಯುತ್ತದೆ. ರಾಜ್ಯ ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ, ಕಚೇರಿ ಬೆಂಗಳೂರಿನಲ್ಲಿದೆ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು, ಮೇಲ್ಮನವಿ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ, ಅದೂ ಬೆಂಗಳೂರಿನಲ್ಲೇ. ನಾನೂರು ಕಿಲೋಮೀಟರ್ ದೂರದ ಕದ ತಟ್ಟುವ ಮೊದಲು, ದೂರು ಬರೆದುಕೊಡುವವರು ಓಣಿಯಲ್ಲಿ ಬೇಕು.

ತಾಯಿ ಬಾಯಿ ಬಿಡದಿರಲು ಇನ್ನೊಂದು ಕಾರಣವಿದೆ. ಇಂದು ಜಗಳವಾಡಿ ನಾಳೆ ಬೆಳಿಗ್ಗೆ ಅದೇ ಶಾಲೆಯ ಅದೇ ಶಿಕ್ಷಕರ ಕೈಗೆ ಆಕೆ ಮಗುವನ್ನು ಒಪ್ಪಿಸಿ ಬರಬೇಕು. ಮಾತು ಬಾರದ ಮಗು. ಹೊಡೆದರೆ ಮನೆಗೆ ಬಂದು ಹೇಳುವುದಿಲ್ಲ, ಮೂಲೆಯಲ್ಲಿ ಕೂರಿಸಿದರೂ ಹೇಳುವುದಿಲ್ಲ. ಈ ಹೆದರಿಕೆಯೇ ಸಾವಿರಾರು ಪಾಲಕರ ಬಾಯಿ ಕಟ್ಟಿದೆ. ಆದ್ದರಿಂದಲೇ ಮಾತಾಡಬೇಕಾದವರು ಮೂರನೆಯವರು, ಶಾಲೆಯ ಹಂಗಿಲ್ಲದವರು, ಕಾನೂನು ಬಲ್ಲವರು, ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತು ಮಾತುಕತೆಯನ್ನು ಬರೆದುಕೊಳ್ಳುವವರು.

ವಕೀಲರು ಬಂದರೆ ಶಾಲೆ-ಪಾಲಕರ ಸಂಬಂಧ ಕೆಡುತ್ತದೆ ಎಂಬ ಆಕ್ಷೇಪ ಕೇಳಿದ್ದೇನೆ. ಒಬ್ಬರು ಆಳುವ, ಇನ್ನೊಬ್ಬರು ಅಂಗಲಾಚುವ ಸಂಬಂಧ ಉಳಿದರೂ ಮಗುವಿಗೆ ಲಾಭವಿಲ್ಲ. ಅಮೆರಿಕದಲ್ಲಿ 1975ರ ಕಾಯ್ದೆ ಬಂದ ಮೇಲೆ ಮಗುವಿನ ಕಲಿಕಾ ಯೋಜನೆ ಬರೆಯುವ ಸಭೆಯಲ್ಲಿ ಪಾಲಕರಿಗೆ ಹಕ್ಕಿನ ಜಾಗ ಸಿಕ್ಕಿತು. ಪಾಲಕರು ಕೇಳಿದ ಸೇವೆಯನ್ನು ಅಲ್ಲಿನ ಸರ್ಕಾರಿ ಶಾಲೆ ನಿರಾಕರಿಸಿದರೆ ಕಾರಣ ಸಹಿತ ಬರೆದು ಕೊಡಬೇಕು. ಪಾಲಕರಿಗೆ ದಾರಿ ಹೇಳಿಕೊಡಲು ಪ್ರತಿ ರಾಜ್ಯದಲ್ಲೂ ಸರ್ಕಾರದ ಹಣದಲ್ಲೇ ಕೇಂದ್ರಗಳಿವೆ. ಅಲ್ಲಿಯೂ ಪಾಲಕರು ಒದ್ದಾಡುತ್ತಾರೆ, ಆದರೆ ಕೈಯಲ್ಲಿ ಕಾಗದ ಇಟ್ಟುಕೊಂಡು ಒದ್ದಾಡುತ್ತಾರೆ.

ನಮ್ಮಲ್ಲಿ ಏನೂ ಇಲ್ಲ ಎಂದು ನಾನು ಒಪ್ಪುವುದಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕು ಕೊಟ್ಟಿದೆ, ಅಂಗವಿಕಲರಿಗೂ ಕೊಟ್ಟಿದೆ. ಈ ಎರಡಕ್ಕೂ ಆದಾಯದ ಮಿತಿ ಇಲ್ಲ. ಅಂದರೆ ನಾನು ಹೇಳುತ್ತಿರುವ ಮಗು ಮಗುವಾಗಿಯೂ ಅರ್ಹ, ಅಂಗವಿಕಲ ಎಂಬ ಕಾರಣಕ್ಕೂ ಅರ್ಹ. ಮನೋರೋಗಿಗಳು ಮತ್ತು ಬೌದ್ಧಿಕ ಅಂಗವಿಕಲರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2015ರಲ್ಲೇ ಪ್ರತ್ಯೇಕ ಯೋಜನೆ ಮಾಡಿತ್ತು. ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರಾಗಿರುವ ಪ್ರಾಧಿಕಾರ ಧಾರವಾಡದಲ್ಲಿದೆ, ಅದಕ್ಕೆ ಅರೆಕಾನೂನು ಸ್ವಯಂಸೇವಕರಿದ್ದಾರೆ. 2008ರಿಂದ ಹೈಕೋರ್ಟ್ ಪೀಠವಿದೆ. ಹುಬ್ಬಳ್ಳಿ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವಿದೆ. ಏಳು ಜಿಲ್ಲೆಗಳ ಶಾಲೆಗಳ ಮೇಲೆ ಅಧಿಕಾರವಿರುವ ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿಯೂ ಧಾರವಾಡದಲ್ಲೇ ಇದೆ. ಕಾನೂನು, ಶಿಕ್ಷಣ, ಮನೋವೈದ್ಯ ಮೂರೂ ಒಂದೇ ಬಸ್ ಮಾರ್ಗದಲ್ಲಿ ಸಿಗುವ ಊರು ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ಇನ್ನೆಷ್ಟಿವೆ? ಈ ಕಚೇರಿಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸವನ್ನು ನಾವು ಎಲ್ಲಕ್ಕಿಂತ ಕಡಿಮೆ ಬಲವಿರುವ ತಾಯಿಯ ತಲೆಗೆ ಕಟ್ಟಿದ್ದೇವೆ. ಅದು ಆಕೆಯ ಕೆಲಸವೇ ಅಲ್ಲ.

ನನ್ನ ಬೇಡಿಕೆ ನೇರವಾಗಿದೆ. ಡಿಮ್ಹಾನ್ಸ್ ಹೊರರೋಗಿ ವಿಭಾಗದ ಬಳಿ ಮತ್ತು ಜಿಲ್ಲೆಯ ಏಳೂ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗಳಲ್ಲಿ ಪ್ರವೇಶದ ತಿಂಗಳುಗಳಲ್ಲಾದರೂ ಕಾನೂನು ಸೇವಾ ಪ್ರಾಧಿಕಾರದ ಒಂದು ಮೇಜು ಇರಲಿ. ಅಲ್ಲಿ ಕೂರುವ ಸ್ವಯಂಸೇವಕರಿಗೆ 2016ರ ಕಾಯ್ದೆಯ 16 ಮತ್ತು 31ನೇ ಕಲಂ ಬಾಯಿಪಾಠ ಆಗಿರಲಿ. ಸಂಬಳವಿಲ್ಲದ ಸೇವೆ ಎಂದು ಅವರನ್ನು ದುಡಿಸಿಕೊಳ್ಳದೆ, ಶಾಲೆಗೆ ಹೋಗಿ ಬಂದ ಪ್ರತಿ ದಿನಕ್ಕೂ ಗೌರವಧನ ಸಿಗಲಿ. ಕಾನೂನು ವಿದ್ಯಾರ್ಥಿಗಳನ್ನು ಜೊತೆಗೆ ಕಳಿಸಿ, ಪುಸ್ತಕದಲ್ಲಿ ಓದಿದ ಕಲಮನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅವರು ಒಮ್ಮೆ ನೋಡಲಿ. ಪ್ರವೇಶವನ್ನೋ ಸೇವೆಯನ್ನೋ ನಿರಾಕರಿಸುವ ಶಾಲೆ ಏಳು ದಿನದೊಳಗೆ ಕಾರಣ ಬರೆದು ಕೊಡಬೇಕು ಎಂದು ಅಪರ ಆಯುಕ್ತರು ಆದೇಶ ಹೊರಡಿಸಲಿ. ಖಾಸಗಿ ಶಾಲೆಯ ಮಾನ್ಯತೆ ನವೀಕರಣಕ್ಕೆ ಬರುವಾಗ, ವಿಶೇಷ ಅಗತ್ಯವುಳ್ಳ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿರಿ, ಎಷ್ಟು ಮಂದಿ ಮಧ್ಯದಲ್ಲಿ ಬಿಟ್ಟರು ಎಂಬ ಲೆಕ್ಕ ಕೇಳಲಿ. ಶೌಚಾಲಯದ ಫೋಟೊ, ಅಗ್ನಿಶಾಮಕ ಪ್ರಮಾಣಪತ್ರ ಕೇಳುವ ಇಲಾಖೆಗೆ ಇದನ್ನು ಕೇಳುವುದು ಕಷ್ಟವೇನಲ್ಲ.

ಪಾಲಕರಿಗೂ ಒಂದು ಮಾತು. ಅರ್ಜಿಯನ್ನು ಬಿಳಿ ಹಾಳೆಯ ಮೇಲೆ ಕನ್ನಡದಲ್ಲೇ ಬರೆಯಿರಿ, ನಕಲಿನ ಮೇಲೆ ತಾರೀಖು, ಸಹಿ, ಸೀಲು ಹಾಕಿಸಿಕೊಳ್ಳಿ. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಫೈಲಿನಲ್ಲಿಡಿ. ಕಾನೂನು ನೆರವಿನ ಉಚಿತ ಸಹಾಯವಾಣಿ 15100. ಒಂದೇ ಓಣಿಯ, ಒಂದೇ ಥೆರಪಿ ಸೆಂಟರಿನ ನಾಲ್ಕು ಮನೆಯವರು ಕೂಡಿಕೊಂಡು ಹೋಗಿ. ಒಬ್ಬರ ಮಗುವಿನ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಸುಲಭ, ನಾಲ್ವರ ಮೇಲೆ ಕಷ್ಟ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಅಪರ ಆಯುಕ್ತರ ಕಚೇರಿ ಬರುವ ಜೂನ್‌ಗೆ ಮುಂಚೆ ಒಟ್ಟಿಗೆ ಕೂತು ಈ ಆದೇಶ ಮತ್ತು ಈ ಮೇಜುಗಳ ವಿಷಯ ತೀರ್ಮಾನಿಸಬೇಕು. ಹೊಸ ಕಾಯ್ದೆ ಬೇಕಾಗಿಲ್ಲ, ಹೊಸ ಕಟ್ಟಡವೂ ಬೇಕಾಗಿಲ್ಲ. ಎರಡೂ ಕಚೇರಿಗಳಿರುವುದು ಧಾರವಾಡದಲ್ಲೇ.